ಆಲಮಟ್ಟಿಯಿಂದ ಹಾಸಿಗೆಯವರೆಗೆ

ಸರ್ಕಾರಿ ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ರೋಗಿ ಬಂದ ಹೊತ್ತನ್ನು ಅದರಲ್ಲಿ ಬರೆದುಕೊಳ್ಳುತ್ತಾರೆ. ವಾರ್ಡಿನ ಪುಸ್ತಕ ಬೇರೆ. ಹಾಸಿಗೆ ಕೊಟ್ಟ ಹೊತ್ತು ಅದರಲ್ಲಿ ಸೇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ರೋಗಿ ಸ್ಟ್ರೆಚರ್ ಮೇಲೋ ನೆಲದ ಮೇಲೋ ಎಷ್ಟು ಹೊತ್ತು ಕಾದ ಎಂಬುದು ಸಿಕ್ಕಿಬಿಡುತ್ತದೆ. ಆದರೆ ಆ ಲೆಕ್ಕ ಮಾಡುವುದು ನಮ್ಮಲ್ಲಿ ಯಾರ ಕರ್ತವ್ಯವೂ ಅಲ್ಲ. ಮಾಡಿದ್ದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಏಳುತ್ತಿತ್ತು. ಹೆಚ್ಚು ಹೊತ್ತು ಕಾಯುವವರು ಯಾರು? ಅವರ ಊರು ಯಾವುದು, ಜಾತಿ ಯಾವುದು, ಆಡುವ ಮಾತು ಯಾವುದು, ಜೇಬಿನಲ್ಲಿ ಎಷ್ಟಿತ್ತು?

ಕಾಯುವುದನ್ನು ನಾವು ಬರೀ ತೊಂದರೆ ಎಂದುಕೊಂಡಿದ್ದೇವೆ. ಬಸ್ಸಿಗೆ ಕಾಯುತ್ತೇವೆ, ರೇಷನ್ ಅಂಗಡಿಯಲ್ಲಿ ಕಾಯುತ್ತೇವೆ, ಆಸ್ಪತ್ರೆಯಲ್ಲೂ ಕಾಯುತ್ತೇವೆ. ಆಸ್ಪತ್ರೆಯ ಕಾಯುವಿಕೆಗೆ ಮಾತ್ರ ಜೀವದ ಬೆಲೆ ಇದೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಲಕ್ಷಾಂತರ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಂಕಿಯಲ್ಲೇ ಹೇಳಿತು. ದಾಖಲಾಗಬೇಕಾದ ರೋಗಿಗೆ ಹಾಸಿಗೆ ಸಿಗುವುದು ಆರರಿಂದ ಎಂಟು ಗಂಟೆಗೂ ಮೀರಿ ತಡವಾದರೆ, ಹಾಗೆ ತಡವಾದ ಪ್ರತಿ 82 ಮಂದಿಗೆ ಒಂದು ಹೆಚ್ಚುವರಿ ಸಾವು ತಿಂಗಳೊಳಗೆ ಸಂಭವಿಸುತ್ತದೆ. ಫ್ರಾನ್ಸಿನಲ್ಲಿ 75 ದಾಟಿದ ವೃದ್ಧರನ್ನು ಗಮನಿಸಿದ ಅಧ್ಯಯನ 2023ರಲ್ಲಿ ಬಂತು. ರಾತ್ರಿಯನ್ನು ತುರ್ತು ಘಟಕದ ಸ್ಟ್ರೆಚರ್ ಮೇಲೆ ಕಳೆದವರಲ್ಲಿ ಆಸ್ಪತ್ರೆಯಲ್ಲೇ ಸತ್ತವರು ಶೇ 15.7, ನಡುರಾತ್ರಿಗೆ ಮುಂಚೆ ವಾರ್ಡಿಗೆ ಹೋದವರಲ್ಲಿ ಶೇ 11.1. ಆ ದೇಶಗಳಲ್ಲಿ ಡಾಕ್ಟರೂ ಇದ್ದಾರೆ, ಔಷಧಿಯೂ ಇದೆ. ಅಷ್ಟಿದ್ದೂ ಈ ಅಂತರ.

ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಚರ್ಮದ ಬಣ್ಣದ ಪ್ರಶ್ನೆಯನ್ನು ಸೇರಿಸಿತು. ತುರ್ತು ಘಟಕಕ್ಕೆ ಬಂದು ಕೊನೆಗೆ ಒಳರೋಗಿಯಾಗಿ ದಾಖಲಾದವರನ್ನಷ್ಟೇ ಅದು ತೆಗೆದುಕೊಂಡಿತು. ಅಂದರೆ ಇವರ ಕಾಯಿಲೆ ಗಂಭೀರ ಎಂದು ಡಾಕ್ಟರೇ ಒಪ್ಪಿದ ಜನ. ಅವರಲ್ಲೂ ಕಪ್ಪು ಜನಾಂಗದವರು ಉಳಿದವರಿಗಿಂತ ಹೆಚ್ಚು ಹೊತ್ತು ಕಾದಿದ್ದರು. ತೀವ್ರ ನಿಗಾ ಘಟಕಕ್ಕೆ ಹೋಗಬೇಕಾದವರೂ ಹಾಗೆಯೇ ಕಾದಿದ್ದರು. ಅಲ್ಲಿಂದ ಎರಡು ವಾದಗಳು ಹೊರಟವು. ಒಂದೇ ಆಸ್ಪತ್ರೆಯೊಳಗೆ ಕಪ್ಪು ರೋಗಿಯನ್ನು ಹಿಂದಕ್ಕೆ ತಳ್ಳುತ್ತಾರೆಯೇ? ಅಥವಾ ಕಪ್ಪು ಜನ ಹೆಚ್ಚಾಗಿ ಹೋಗುವ ಆಸ್ಪತ್ರೆಗಳೇ ಸದಾ ಕಿಕ್ಕಿರಿದಿರುತ್ತವೆಯೇ? ಎರಡನೆಯದೇ ನಿಜವಾದರೆ ಯಾವ ಡಾಕ್ಟರ್ ಮೇಲೂ ಬೆರಳು ಮಾಡುವಂತಿಲ್ಲ, ಯಾರಲ್ಲೂ ದ್ವೇಷವಿಲ್ಲ, ಆದರೂ ಅನ್ಯಾಯ ದಿನಾಲೂ ನಡೆಯುತ್ತದೆ. ನಮ್ಮ ಕಡೆಯ ಸಂಗತಿ ತಿಳಿಯಲು ಈ ಎರಡನೆಯ ದಾರಿಯೇ ಹೆಚ್ಚು ನೆರವಾಗುತ್ತದೆ ಎಂದು ನನಗನ್ನಿಸುತ್ತದೆ.

ಆಲಮಟ್ಟಿಯ ಸುತ್ತಿನ ಹಳ್ಳಿಯೊಂದರಲ್ಲಿ ರಾತ್ರಿ ಒಬ್ಬ ಕೂಲಿಕಾರನಿಗೆ ಪಾರ್ಶ್ವವಾಯು ಹೊಡೆಯಿತು ಎಂದಿಟ್ಟುಕೊಳ್ಳಿ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಗಡ್ಡೆಯನ್ನು ಕರಗಿಸುವ ಔಷಧಿಗೆ ಅವನ ಬಳಿ ಇರುವುದು ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಮೊದಲು ಹತ್ತಿರದ ಆರೋಗ್ಯ ಕೇಂದ್ರ. ಅಲ್ಲಿ ಬಿ.ಪಿ. ನೋಡಿ, ಸಲೈನ್ ಹಚ್ಚಿ, ಚೀಟಿ ಬರೆದು ತಾಲ್ಲೂಕಿಗೆ ಕಳಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಇರುವವರು ಡ್ಯೂಟಿ ಡಾಕ್ಟರ್ ಒಬ್ಬರೇ. ಅಲ್ಲಿಂದ ದೂರದ ವಿಜಯಪುರ, ಇಲ್ಲವೇ ಹೊಳೆ ದಾಟಿ ಬಾಗಲಕೋಟೆ. ಅಲ್ಲಿ ಹಾಸಿಗೆ ಖಾಲಿ ಇದ್ದರೆ ಸರಿ. ಇಲ್ಲವಾದರೆ, "ಬೆಡ್ ಇಲ್ರಿ, ಹುಬ್ಬಳ್ಳಿಗಿ ಒಯ್ರಿ." ಹುಬ್ಬಳ್ಳಿ ಎಂದರೆ ಆಲಮಟ್ಟಿಯಿಂದ ನೂರೈವತ್ತು ಕಿಲೋಮೀಟರಿನ ಆಸುಪಾಸು. ನಾಲ್ಕೂವರೆ ಗಂಟೆ ಎಲ್ಲೋ ದಾರಿಯಲ್ಲಿ ಮುಗಿದುಹೋಗಿರುತ್ತದೆ.

ಒಂದೊಂದು ಆಸ್ಪತ್ರೆಯ ದಾಖಲೆ ತೆಗೆದು ನೋಡಿ, ಎಲ್ಲೂ ತಪ್ಪು ಕಾಣುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಅವನಿದ್ದದ್ದು ಇಪ್ಪತ್ತು ನಿಮಿಷ, ತಾಲ್ಲೂಕಿನಲ್ಲಿ ಮುಕ್ಕಾಲು ಗಂಟೆ, ಜಿಲ್ಲಾ ಕೇಂದ್ರದಲ್ಲಿ ಒಂದೂವರೆ ಗಂಟೆ. ಯಾರೂ ಅವನನ್ನು ಹೆಚ್ಚು ಹೊತ್ತು ಕಾಯಿಸಿಲ್ಲ. ಅಮೆರಿಕದ ಕಪ್ಪು ರೋಗಿ ಒಂದೇ ಕಟ್ಟಡದಲ್ಲಿ ಕಾದದ್ದರಿಂದ ಅವನ ಹೊತ್ತು ಒಂದೇ ಗಡಿಯಾರದಲ್ಲಿ ದಾಖಲಾಯಿತು, ಲೆಕ್ಕಕ್ಕೆ ಸಿಕ್ಕಿತು. ನಮ್ಮ ರೋಗಿಯ ಕಾಯುವಿಕೆ ನಾಲ್ಕು ಚೀಟಿಗಳಲ್ಲಿ, ಎರಡು ಆಂಬುಲೆನ್ಸುಗಳಲ್ಲಿ ತುಂಡುತುಂಡಾಗಿ ಹಂಚಿಹೋಗುತ್ತದೆ. ಒಟ್ಟು ಎಷ್ಟಾಯಿತು ಎಂಬುದು ಗೊತ್ತಿರುವುದು ಅವನ ಕಾಲ ಬಳಿ ಕೂತು ಬಂದ ಹೆಂಡತಿಗೆ ಮಾತ್ರ. "ರೆಫರ್" ಎನ್ನುವುದು ವೈದ್ಯಕೀಯವಾಗಿ ಅಗತ್ಯವಾದ ಕ್ರಮ, ಒಪ್ಪುತ್ತೇನೆ. ಆದರೆ ಮುಂದಿನ ಊರಿನಲ್ಲಿ ಹಾಸಿಗೆ ಇದೆಯೋ ಇಲ್ಲವೋ ಎಂದು ಕೇಳದೆ ಬರೆದುಕೊಡುವ ಚೀಟಿ ಜವಾಬ್ದಾರಿಯನ್ನು ಗೇಟಿನಿಂದಾಚೆ ದಾಟಿಸುತ್ತದೆ, ಅಷ್ಟೇ.

ಈ ಜಾಗದಲ್ಲೇ ಯಾಕೆ ಹೀಗೆ ಎಂಬುದಕ್ಕೆ ಉತ್ತರ ಸರ್ಕಾರದ ಕಡತದಲ್ಲೇ ಇದೆ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆಂದು 2000ದಲ್ಲಿ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಅಳತೆಗಳನ್ನು ಇಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನು ತೂಗಿದ ಸಮಿತಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಡಾಕ್ಟರುಗಳ ಸಂಖ್ಯೆ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯೂ ಆ ಅಳತೆಗಳಲ್ಲಿದ್ದವು. ಬೆಳಗಾವಿ ವಿಭಾಗದಿಂದ ಅತ್ಯಂತ ಹಿಂದುಳಿದ ಪಟ್ಟಿಗೆ ಸೇರಿದ್ದು ಐದೇ ತಾಲ್ಲೂಕು. ಕಲಘಟಗಿಯೊಂದನ್ನು ಬಿಟ್ಟರೆ ಉಳಿದ ನಾಲ್ಕೂ ನಮ್ಮ ವಿಜಯಪುರ ಜಿಲ್ಲೆಯವು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಆಲಮಟ್ಟಿ ಆಗ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. ಈಗ ನಿಡಗುಂದಿ ತಾಲ್ಲೂಕಿನಲ್ಲಿದೆ. ಹೊಸ ತಾಲ್ಲೂಕುಗಳಲ್ಲಿ ತಹಶೀಲ್ದಾರ್ ಕಚೇರಿ ಬಂದ ವೇಗದಲ್ಲಿ ಅರಿವಳಿಕೆ ತಜ್ಞರು ಬರಲಿಲ್ಲ.

ಇನ್ನೊಂದು ಗೆರೆ ಇದಕ್ಕಿಂತ ಹಳೆಯದು. ಸಿಂದಗಿ ತಾಲ್ಲೂಕಿನ ಆಚೆಗೆ ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ. ಅದೇ ಎರಿಭೂಮಿ, ಅದೇ ತೊಗರಿ, ಅದೇ ಬಡತನ. ಆ ಕಡೆ ಹೈದರಾಬಾದಿನ ನಿಜಾಮರ ಆಡಳಿತವಿತ್ತು, ಈ ಕಡೆ ಮುಂಬಯಿ ಪ್ರಾಂತ. ಈ ಒಂದೇ ಕಾರಣಕ್ಕೆ 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯ ಸವಲತ್ತು ಆ ಕಡೆಗೆ ಸಿಕ್ಕಿತು, ಈ ಕಡೆಗೆ ಸಿಗಲಿಲ್ಲ. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು; 2024ರಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯೂ ಬಂತು. ಬರಬೇಕಾದದ್ದೇ, ಆ ಜನ ಅದಕ್ಕೆ ಎಲ್ಲ ರೀತಿಯಿಂದಲೂ ಅರ್ಹರು. ವಿಜಯಪುರದಲ್ಲಿ ಇರುವ ಎರಡೂ ವೈದ್ಯಕೀಯ ಕಾಲೇಜುಗಳು ಖಾಸಗಿಯವು. 2011ರ ಗಣತಿಯಲ್ಲೇ 21 ಲಕ್ಷ ದಾಟಿದ ಜನಸಂಖ್ಯೆಯ ಜಿಲ್ಲೆಯಿದು. 2025ರಲ್ಲಿ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಪಿಪಿಪಿ ಮಾದರಿಯಲ್ಲಿ, ಖಾಸಗಿಯವರ ಸಹಭಾಗಿತ್ವದಲ್ಲಿ ಮಾಡುವ ಮಾತು ಬಂದಾಗ ಜನ ತಿಂಗಳುಗಟ್ಟಲೆ ಧರಣಿ ಕೂತರು. ಆ ಧರಣಿಯನ್ನು ಮಕ್ಕಳ ಎಂಬಿಬಿಎಸ್ ಸೀಟಿನ ಹೋರಾಟವೆಂದು ಮಾತ್ರ ನೋಡಿದವರು ಮುಖ್ಯವಾದದ್ದನ್ನು ಬಿಟ್ಟರು. ಕಾಲೇಜು ಇದ್ದ ಆಸ್ಪತ್ರೆಯಲ್ಲಿ ನಡುರಾತ್ರಿ ಎರಡಕ್ಕೂ ಪ್ರತಿ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಎಚ್ಚರವಿರುತ್ತಾರೆ. ಕಾಲೇಜಿಲ್ಲದ ಆಸ್ಪತ್ರೆಯಲ್ಲಿ ತಜ್ಞರನ್ನು ಮನೆಯಿಂದ ಕರೆಸಬೇಕು. ಆ ಕಾಲೇಜನ್ನು ಯಾರು ನಡೆಸುತ್ತಾರೆ ಎಂಬುದರ ಮೇಲೆ ಆ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದೂ ನಿಂತಿದೆ. ಧರಣಿ ಕೂತವರಿಗೆ ಇದು ಗೊತ್ತಿತ್ತು.

ಈ ನೆಲ ನಾಡಿಗೆ ಕೊಟ್ಟದ್ದೇನು ಎಂಬುದನ್ನೂ ಇಲ್ಲಿ ಹೇಳಲೇಬೇಕು. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯಲ್ಲಿ ಇಂದು 123 ಟಿಎಂಸಿ ನೀರು ನಿಲ್ಲುತ್ತದೆ. ಅದಕ್ಕಾಗಿ ನೂರಕ್ಕೂ ಹೆಚ್ಚು ಹಳ್ಳಿಗಳು ನೀರಿಗೆ ಹೋದವು, ಹಳೆ ಬಾಗಲಕೋಟೆಯ ದೊಡ್ಡ ಭಾಗವೂ ಹೋಯಿತು. ಅಣೆಕಟ್ಟೆಯ ಪವರ್ ಹೌಸಿನಿಂದ 290 ಮೆಗಾವಾಟ್, ಹತ್ತಿರದ ಕೂಡಗಿಯ ಎನ್‌ಟಿಪಿಸಿ ಸ್ಥಾವರದಿಂದ 2,400 ಮೆಗಾವಾಟ್ ವಿದ್ಯುತ್ ಇಲ್ಲಿಂದ ಹೊರಗೆ ಹೋಗುತ್ತದೆ. ಕಾಲುವೆಯ ಕೊನೆ ಅಂಚಿನ ರೈತನ ಕಷ್ಟ ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ: ನೀರು ಬಿಟ್ಟಿದ್ದೇವೆ ಎಂದು ಅಧಿಕಾರಿ ಹೇಳುವುದೂ ಸುಳ್ಳಲ್ಲ, ಹೊಲಕ್ಕೆ ಹನಿ ಬಂದಿಲ್ಲ ಎಂದು ರೈತ ಹೇಳುವುದೂ ಸುಳ್ಳಲ್ಲ. ಆಸ್ಪತ್ರೆಯ ಹಾಸಿಗೆಯ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳು ಅಂಥ ಕೊನೆ ಅಂಚಿನಲ್ಲಿವೆ.

ಕೊನೆ ಅಂಚಿನೊಳಗೂ ಮೇಲು ಕೆಳಗು ಇದೆ. ಜಿಲ್ಲೆಯ ಐದರಲ್ಲೊಂದು ಪಾಲು ಜನ ಪರಿಶಿಷ್ಟ ಜಾತಿಯವರು. ಇಲ್ಲಿನ ತಾಂಡಾಗಳ ಲಂಬಾಣಿಗರು ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರಕ್ಕೂ ಗೋವಾಕ್ಕೂ ಹೋಗಿ ಬರುತ್ತಾರೆ. ಹಾಸಿಗೆ ಒಂದು, ಕಾಯುವವರು ನಾಲ್ಕು ಮಂದಿ ಎಂದಾಗ ಅದು ಯಾರಿಗೆ ಹೋಗುತ್ತದೆ? ರೋಗದ ತೀವ್ರತೆ ನೋಡಿ ಕೊಡಬೇಕು ಎಂಬುದು ನಿಯಮ. ನಡುವೆ ಫೋನು ಬರುತ್ತದೆ. ಶಾಸಕರ ಕಡೆಯವರು, ಜಿಲ್ಲಾ ಪಂಚಾಯಿತಿಯಲ್ಲಿ ಇದ್ದವರು, ಆಸ್ಪತ್ರೆಯಲ್ಲೇ ಕೆಲಸ ಮಾಡುವ ಬಂಧು. ನಮ್ಮ ಕಡೆ ಯಾರನ್ನಾದರೂ ಆಸ್ಪತ್ರೆಗೆ ಒಯ್ಯುವಾಗ ಮನೆಯವರು ಮೊದಲು ಕೇಳುವುದು "ಅಲ್ಲಿ ನಮ್ಮವರು ಯಾರರೆ ಅದಾರೇನು?" ಎಂದು. ಹಾಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ, ತಮ್ಮವರ ಜೀವ ಉಳಿಸಿಕೊಳ್ಳಲು ಯಾರಾದರೂ ಕೇಳುತ್ತಾರೆ. ಆದರೆ ಡಾಕ್ಟರು, ಅಧಿಕಾರಿ, ಪುಢಾರಿ ಯಾರೂ ಇಲ್ಲದ ಕುಲದವನು ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕು? ಬಾಯಿಬಿಟ್ಟು ಜಾತಿ ಕೇಳದೆಯೂ ಜಾತಿಯ ಕೆಲಸ ನಡೆದುಹೋಗುವುದು ಹೀಗೆ. ಆಕ್ಸ್‌ಫ್ಯಾಮ್ ಇಂಡಿಯಾ 2021ರಲ್ಲಿ ದೇಶದಾದ್ಯಂತ ಮಾಡಿದ ಸಮೀಕ್ಷೆಯಲ್ಲಿ ಮುಸ್ಲಿಮರಲ್ಲಿ ಮೂರರಲ್ಲೊಂದು ಪಾಲು, ದಲಿತರಲ್ಲಿ ಐದರಲ್ಲೊಂದು ಪಾಲು ಮಂದಿ ಆಸ್ಪತ್ರೆಗಳಲ್ಲಿ ತಮಗೆ ಧರ್ಮದ, ಜಾತಿಯ ಕಾರಣಕ್ಕೆ ತಾರತಮ್ಯವಾಗಿದೆ ಎಂದಿದ್ದರು.

ಭಾಷೆ, ಕಾಗದ ಇವೂ ಸೇರಿದರೆ ಏನಾಗುತ್ತದೆಂಬುದನ್ನು ಕರ್ನಾಟಕ 2022ರ ನವೆಂಬರಿನಲ್ಲಿ ನೋಡಿತು. ತಮಿಳುನಾಡು ಮೂಲದ ತುಂಬು ಗರ್ಭಿಣಿಯೊಬ್ಬಳು ಹೆರಿಗೆ ನೋವಿನಲ್ಲಿ ತುಮಕೂರಿನ ಜಿಲ್ಲಾಸ್ಪತ್ರೆಗೆ ಬಂದಳು. ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಎಂಬ ಕಾರಣಕ್ಕೆ ದಾಖಲು ಮಾಡಿಕೊಳ್ಳದೆ ಬೆಂಗಳೂರಿಗೆ ಹೋಗಲು ಹೇಳಿದರು. ಅವಳು ಮನೆಗೆ ಮರಳಿ ಅವಳಿ ಮಕ್ಕಳೊಂದಿಗೆ ತೀರಿಹೋದಳು. ಡಾಕ್ಟರು, ನರ್ಸುಗಳ ಅಮಾನತಾಯಿತು, ಮಂತ್ರಿಗಳು ಮಾತಾಡಿದರು. ಆದರೆ ಆಸ್ಪತ್ರೆಯ ಯಾವ ಲೆಕ್ಕದಲ್ಲೂ ಅವಳ ಕಾಯುವಿಕೆ ಸೇರುವುದಿಲ್ಲ, ಏಕೆಂದರೆ ಅವಳು ದಾಖಲೇ ಆಗಲಿಲ್ಲ. ಕೂಡಗಿಯಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುವ ಬಿಹಾರ, ಉತ್ತರ ಪ್ರದೇಶದ ಕೂಲಿಕಾರರ ಬಳಿಯೂ ಕರ್ನಾಟಕದ ರೇಷನ್ ಕಾರ್ಡ್ ಇರುವುದಿಲ್ಲ, ಕನ್ನಡವೂ ಬಾರದು. ನಮ್ಮ ತಾಂಡಾದವನು ಕೊಲ್ಹಾಪುರದಲ್ಲಿ ಟ್ರ್ಯಾಕ್ಟರಿನಿಂದ ಬಿದ್ದರೆ ಅವನ ಸ್ಥಿತಿಯೂ ಅದೇ. ಗಡಿ ದಾಟಿ ಕಾರ್ಡ್ ಕಳಿಸುವುದು ಅಸಾಧ್ಯವೇನಲ್ಲ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಆರೋಗ್ಯ ವಿಮಾ ಯೋಜನೆಯನ್ನು ಕರ್ನಾಟಕದ ಗಡಿಭಾಗದ 865 ಹಳ್ಳಿಗಳಿಗೆ ವಿಸ್ತರಿಸಲು ಹೊರಟಿತ್ತು. ಗಡಿ ವಿವಾದಕ್ಕಾಗಿ ಆಗುವ ಕೆಲಸ ಕಬ್ಬು ಕಡಿಯುವವನ ಜೀವಕ್ಕಾಗಿ ಯಾಕೆ ಆಗಬಾರದು?

ಕಾನೂನಿಗೆ ಕೊರತೆಯಿಲ್ಲ. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕೂಲಿಕಾರನನ್ನು ಹಾಸಿಗೆ ಇಲ್ಲವೆಂದು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ತಿರುಗಿಸಿ ಕಳಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಸುರಿದು ಬದುಕಿದ. ಕೂಲಿಕಾರರ ಸಂಘಟನೆ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣದ ಕೊರತೆ ಅದಕ್ಕೆ ನೆಪವಾಗದು ಎಂದು ಕೋರ್ಟು 1996ರಲ್ಲಿ ಹೇಳಿತು. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂದು ತಿಳಿಸುವ ಕೇಂದ್ರೀಕೃತ ವ್ಯವಸ್ಥೆ ಬೇಕೆಂದೂ ಆಗಲೇ ಹೇಳಿತ್ತು. ಕರ್ನಾಟಕ 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತಂದು ತುರ್ತಿನಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸಬಾರದು ಎಂದಿತು. ಇಷ್ಟೆಲ್ಲ ಇದ್ದೂ ಇಂಡಿಯಿಂದ ಹೊರಟ ಆಂಬುಲೆನ್ಸಿನ ಚಾಲಕ ಮುಂದಿನ ಆಸ್ಪತ್ರೆಯಲ್ಲಿ ಜಾಗವಿದೆಯೋ ಇಲ್ಲವೋ ತಿಳಿಯದೆಯೇ ಗಾಡಿ ಓಡಿಸುತ್ತಾನೆ.

ಇದಕ್ಕೆ ಆಸ್ಪತ್ರೆಯೊಳಗಿನವರು ಕೊಡುವ ಉತ್ತರವನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಇರುವ ಹಾಸಿಗೆ ಇಷ್ಟೇ, ಸಿಬ್ಬಂದಿ ಇಷ್ಟೇ, ಇದು ಕೊರತೆ, ತಾರತಮ್ಯವಲ್ಲ ಎನ್ನುತ್ತಾರೆ. ರಾತ್ರಿಪಾಳಿಯ ಆ ಒಬ್ಬ ಡಾಕ್ಟರು ಹಾವು ಕಚ್ಚಿದವನನ್ನೂ ಅಪಘಾತವಾದವನನ್ನೂ ಹೆರಿಗೆಯನ್ನೂ ಏಕಕಾಲಕ್ಕೆ ನೋಡಬೇಕು, ಸಾವಾದರೆ ಹೊರಗೆ ಸೇರಿದ ಗುಂಪಿನ ಏಟನ್ನೂ ತಿನ್ನಬೇಕು. ಅವರನ್ನು ಆರೋಪಿಯಾಗಿ ನಿಲ್ಲಿಸುವುದು ಅನ್ಯಾಯ. ಆದರೆ ಕೊರತೆ ಆಕಾಶದಿಂದ ಬೀಳುವುದಿಲ್ಲ. ಯಾವ ಜಿಲ್ಲೆಗೆ ಕಾಲೇಜು, ಯಾವ ತಾಲ್ಲೂಕಿಗೆ ತಜ್ಞರು, ಯಾವ ಹುದ್ದೆ ಖಾಲಿ ಉಳಿಯಬೇಕು ಎಂಬುದನ್ನೆಲ್ಲ ಬೆಂಗಳೂರಿನಲ್ಲಿ ಕೂತವರು ಕಾಗದದ ಮೇಲೆ ತೀರ್ಮಾನಿಸಿದ್ದಾರೆ. ಕಾಲು ಶತಮಾನದ ಹಿಂದೆ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳೇ ಇಂದಿಗೂ ಹೆಚ್ಚು ಹೊತ್ತು ಕಾಯುತ್ತಿವೆಯೆಂದರೆ ಅದಕ್ಕೆ ತಾರತಮ್ಯವೆನ್ನದೆ ಬೇರೇನೆನ್ನಬೇಕು?

ಮನಸ್ಸು ಮಾಡಿದರೆ ಬದಲಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ, ಎದೆನೋವಿನಿಂದ ಬಂದವನ ಇಸಿಜಿಯನ್ನು ತಾಲ್ಲೂಕಿನಲ್ಲೇ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರು ಹೂಂ ಎಂದರೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡಾಯಿತು. ಹಾಸಿಗೆಯ ಕಡೆ ರೋಗಿ ಓಡುವ ಮೊದಲು ಔಷಧಿಯೇ ರೋಗಿಯ ಬಳಿ ಬಂತು. ಪಾರ್ಶ್ವವಾಯುವಿಗೆ, ತಲೆಪೆಟ್ಟಿಗೆ, ಹೊಲದ ಔಷಧಿಯ ವಿಷಬಾಧೆಗೆ, ಹೆರಿಗೆಯ ರಕ್ತಸ್ರಾವಕ್ಕೆ ಇಂಥದೇ ಯೋಚನೆ ಬೇಕು.

ಅದಕ್ಕೆಲ್ಲ ಮೊದಲು ಅಳತೆ ಆಗಬೇಕು. ಮಳೆಗಾಲದಲ್ಲಿ ಆಲಮಟ್ಟಿಯ ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, 519.60 ಮೀಟರಿಗೆ ಇನ್ನೆಷ್ಟು ಬಾಕಿ ಎಂಬುದು ದಿನಾಲೂ ಪತ್ರಿಕೆಯಲ್ಲಿ ಬರುತ್ತದೆ. ನಾಲ್ಕು ರಾಜ್ಯಗಳ ಜಗಳವಿರುವುದರಿಂದ ಆ ನೀರನ್ನು ಸೆಂಟಿಮೀಟರ್ ಬಿಡದೆ ಅಳೆಯುತ್ತಾರೆ. ಇಂಗ್ಲೆಂಡಿನಲ್ಲಿ ತುರ್ತು ಘಟಕಕ್ಕೆ ಬಂದವರ ವಿಷಯ ನಾಲ್ಕು ಗಂಟೆಯೊಳಗೆ ತೀರ್ಮಾನವಾಯಿತೇ ಎಂಬ ಲೆಕ್ಕವನ್ನು ಪ್ರತಿ ತಿಂಗಳು ಪ್ರಕಟಿಸುತ್ತಾರೆ. ಗುರಿ ತಪ್ಪಿದಾಗ ಸರ್ಕಾರ ಉತ್ತರ ಕೊಡಬೇಕಾಗುತ್ತದೆ. ನಮ್ಮ ಗಡಿಯಾರ ಅವರದಕ್ಕಿಂತ ಬೇರೆಯಾಗಿರಬೇಕು. ಅದು ಒಂದು ಆಸ್ಪತ್ರೆಯದ್ದಾಗದೆ ರೋಗಿಯದ್ದಾಗಬೇಕು. ಮೊದಲ ಬಾಗಿಲಲ್ಲಿ, ಇಲ್ಲವೇ 108ಕ್ಕೆ ಫೋನು ಹೋದ ಕ್ಷಣದಲ್ಲಿ ಶುರುವಾಗಿ ಕೊನೆಯ ಹಾಸಿಗೆಯಲ್ಲಿ ನಿಲ್ಲಬೇಕು. ಹಾಸಿಗೆ ಖಚಿತವಾಗದೆ ರೆಫರ್ ಚೀಟಿ ಬರೆಯುವಂತಿರಬಾರದು. ಒಟ್ಟು ಹೊತ್ತು ತಾಲ್ಲೂಕುವಾರು, ಸಮುದಾಯವಾರು ಹೊರಗೆ ಬರಬೇಕು.

ಸಾಯುತ್ತಿರುವವನ ಜಾತಿ ಕೇಳುವುದು ಅಮಾನವೀಯವಲ್ಲವೇ ಎಂದು ಒಳ್ಳೆಯ ಮನಸ್ಸಿನವರೇ ಕೇಳಬಹುದು. ಬಾಗಿಲಲ್ಲಿ ಖಂಡಿತ ಕೇಳಬಾರದು. ಆದರೆ ರಾಜ್ಯ ಸರ್ಕಾರವೇ 2025ರಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆಂದು ಮನೆಮನೆಗೆ ಹೋಗಿ ಜನರ ಜಾತಿ ಬರೆದುಕೊಂಡಿತು. ಆರೋಗ್ಯ ಯೋಜನೆಯಲ್ಲಿ ಹಣ ಪಾವತಿಯಾಗುವಾಗ ರೇಷನ್ ಕಾರ್ಡಿನ ವಿವರ ಹೇಗೂ ಸೇರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಹೆಸರು ತೆಗೆದು ಲೆಕ್ಕ ಹಾಕಿದರೆ ಯಾರ ಮಾನವೂ ಹೋಗುವುದಿಲ್ಲ. ಅಮೆರಿಕದವರು ಬಣ್ಣವನ್ನು ದಾಖಲಿಸಿದ್ದರಿಂದಲೇ ತಮ್ಮ ಅನ್ಯಾಯ ತಮಗೆ ಕಂಡಿತು. ದಾಖಲಿಸದ ನಾವು ನಮ್ಮಲ್ಲಿ ಅಂಥದ್ದಿಲ್ಲ ಎಂದು ಹೇಳಿಕೊಂಡು ಕೂತಿದ್ದೇವೆ.

ವಿಜಯಪುರ ಜಿಲ್ಲೆಯಿಂದ ವಿಧಾನಸಭೆಗೆ ಹೋಗುವ ಶಾಸಕರು ಎಂಟು ಮಂದಿ. ಅವರು ಯಾವ ಪಕ್ಷದವರಾದರೂ ಇರಲಿ, ಮುಂದಿನ ಅಧಿವೇಶನದಲ್ಲಿ ಆರೋಗ್ಯ ಮಂತ್ರಿಗಳಿಗೆ ಈ ಒಂದು ಪ್ರಶ್ನೆ ಕೇಳಲಿ: ಕಳೆದ ಒಂದು ವರ್ಷದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ನಿಡಗುಂದಿಯಿಂದ ರೆಫರ್ ಆದ ಪ್ರತಿ ರೋಗಿ ಹಾಸಿಗೆ ಸಿಗುವವರೆಗೆ ಎಷ್ಟು ಗಂಟೆ ಕಾದ, ಅವರಲ್ಲಿ ಎಷ್ಟು ಮಂದಿ ಹಾಸಿಗೆ ಸಿಗುವ ಮೊದಲೇ ಸತ್ತರು? ಉತ್ತರ ಸದನದ ಮುಂದೆ ಬರುವವರೆಗೆ ಆ ಪ್ರಶ್ನೆಯನ್ನು ಬಿಡದಿರಲಿ.